ಅಮಾವಾಸ್ಯೆಗೊಮ್ಮೆ ಬದಲಾಗುವ ವಿಳಾಸ

ಬೆಳಗಿನ ಐದೂ ಮುಕ್ಕಾಲು. ನೀಲಗಿರಿಯ ಮಾವನಲ್ಲ ಎಂಬ ಊರಿನ ರಸ್ತೆಯಲ್ಲಿ ಇನ್ನೂ ಮಬ್ಬು ಹರಿದಿಲ್ಲ. ಎರಡೇ ಕೋಣೆಯ ಪುಟ್ಟ ಆಫೀಸಿನ ಮುಂದೆ ಆನೆ ಲದ್ದಿ ಬಿದ್ದಿದೆ, ಇನ್ನೂ ಹಬೆಯಾಡುತ್ತಿದೆ. ಜೋಗಮ್ಮ ಅದನ್ನೊಮ್ಮೆ ನೋಡುತ್ತಾರೆ, ಬೇಲಿಯಾಚೆ ಒಮ್ಮೆ ನೋಡುತ್ತಾರೆ, ಆಮೇಲೆ ಸೊಂಟದ ಬೀಗದ ಕೈ ತೆಗೆದು ಬಾಗಿಲು ತೆರೆಯುತ್ತಾರೆ. ನಾನು ಮಾತ್ರ ಬೇಲಿಯ ಕಡೆಯಿಂದ ಕಣ್ಣು ಕೀಳದೆ ಒಳಗೆ ನುಗ್ಗುತ್ತೇನೆ.

"ಈ ಹೊತ್ತಲ್ಲಿ ಲೈನು ಸಲೀಸು ಅಕ್ಕ. ಏಳು ಗಂಟೆ ಆಯ್ತು ಅಂದ್ರ ಎಲ್ಲಾ ರೆಸಾರ್ಟಲ್ಲೂ ಗೀಸರು ಹಾಕ್ತಾರ, ಇಲ್ಲಿ ಕರೆಂಟು ಕುಂಟ್ತದ. ಆನೆಗಿಂತ ಕರೆಂಟಿಗೇ ನಾನು ಹೆದ್ರದು" ಎನ್ನುತ್ತಲೇ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದು ಮಡಚುತ್ತಾರೆ. ಫೋನಿನ ಲೈನು ಕಿರುಗುಟ್ಟಿ, ಕೆಮ್ಮಿ, ಕೊನೆಗೊಮ್ಮೆ ಸೇರಿಕೊಳ್ಳುತ್ತದೆ. ಪರದೆಯ ಮೇಲೆ ಉದ್ದನೆಯ ಒಂದು ಸಾಲು. ಅದರ ನಡುವಿನ ಒಂದು ಪದವನ್ನು ಜೋಗಮ್ಮ ಅಳಿಸುತ್ತಾರೆ. ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಕೆಂದಿ' ಎಂದು ಕುಟ್ಟುತ್ತಾರೆ. ಪಟಗಳಿರುವ ಪೆಟ್ಟಿಗೆಯ, ಅಂದರೆ ಫೋಲ್ಡರಿನ, ಹೆಸರನ್ನೂ ಅದಕ್ಕೇ ಬದಲಿಸುತ್ತಾರೆ. ಅಷ್ಟೆ. ಒಂಬತ್ತು ಆದಿವಾಸಿ ಹಾಡಿಗಳ ಸಾವಿರದ ಮುನ್ನೂರ ಎಂಬತ್ತಾರು ಪಟಗಳು ಆ ಕ್ಷಣದಲ್ಲಿ ಹಳೆಯ ವಿಳಾಸ ಬಿಟ್ಟು ಹೊಸ ವಿಳಾಸಕ್ಕೆ ಬಂದು ಕೂತಿವೆ.

ಕೆಂದಿ ಎಂಬುದು ಅವರ ಅಜ್ಜಿ ಸಾಕಿದ್ದ ಹಸು, ಸತ್ತು ಮೂವತ್ತು ವರ್ಷವಾಗಿದೆ. ಕಳೆದ ಅಮಾವಾಸ್ಯೆಗೆ ಒಂದು ಹಣ್ಣಿನ ಹೆಸರು, ಅದರ ಹಿಂದಿನದಕ್ಕೆ ಒಂದು ಹಳ್ಳದ ಹೆಸರು. ಪದ ಆರಿಸುವವರು ಅಜ್ಜಿ. ಅಮಾವಾಸ್ಯೆಯ ದಿನ ಅವರು ಕಾಡಿಗೆ ಕಾಲಿಡುವುದಿಲ್ಲ, ಅದು ಆ ಮನೆಯ ರೂಢಿ. ಮನೆಯಲ್ಲಿರುವ ಆ ದಿನ ಬೆಳಿಗ್ಗೆ ಎದ್ದ ಕೂಡಲೇ ಮೊಮ್ಮಗಳಿಗೆ ಒಂದು ಪದ ಕೊಡುತ್ತಾರೆ. ಓದು ಬರಹ ಬಾರದ ಎಂಬತ್ತು ದಾಟಿದ ಮುದುಕಿ ತಿಂಗಳಿಗೊಮ್ಮೆ ಒಂದು ವೆಬ್‌ಸೈಟಿನ ಬೀಗ ಬದಲಾಯಿಸುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಜೋಗಮ್ಮನಿಗೆ ಇಪ್ಪತ್ತಾರು ವರ್ಷ. ಮಸಿನಗುಡಿಗೂ ಮಾವನಲ್ಲಕ್ಕೂ ನಡುವಿನ ಹಾಡಿಯವರು. ತಂದೆ ಕಾಳ, ಆನೆ ಶಿಬಿರದಲ್ಲಿ ಸೊಪ್ಪು ಕಡಿದು ತರುವ ಕೆಲಸದವರು. ಊಟಿಯ ಹಾಸ್ಟೆಲಿನಲ್ಲಿದ್ದು ಹನ್ನೆರಡನೇ ತರಗತಿ ಮುಗಿಸಿ ಬಂದ ಮಗಳಿಗೆ ಊರಲ್ಲಿ ಸಿಕ್ಕ ಮೊದಲ ಕೆಲಸ ಲಂಟಾನ ಪೊದೆ ಕಡಿಯುವ ಕೂಲಿ. ಎರಡು ವರ್ಷ ಕಡಿದರು. ಮುಂಗೈ ಮೇಲಿನ ಗೀರುಗಳನ್ನು ಇವತ್ತಿಗೂ ತೋರಿಸುತ್ತಾರೆ, ದೂರುವ ದನಿಯಲ್ಲಲ್ಲ. ಆಮೇಲೆ ಊಟಿಯಲ್ಲಿ ಆರು ತಿಂಗಳ ಕಂಪ್ಯೂಟರ್ ತರಗತಿ. ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ದಿನಕ್ಕೆರಡು ಸಲ ಸುತ್ತಬೇಕು. ಮೊದಲ ತಿಂಗಳಿಡೀ ಲಿಂಬೆಹಣ್ಣು ಮೂಸಿಕೊಂಡೇ ಹೋದರಂತೆ.

"ಅಲ್ಲಿ ಒಬ್ರು ಹೇಳುದ್ರು, ನಿಮ್ಮಂಥವ್ರಿಗೆ ಟೈಪಿಂಗು ಬಂದ್ರೆ ಸಾಕು ಅಂತ. ನಮ್ಮಂಥವ್ರು ಅಂದ್ರ ಯಾರು ಅಂತ ಕೇಳ್ದೆ. ಅವ್ರು ಕಿಟಕಿ ಕಡೆ ನೋಡುದ್ರು. ನಮ್ಮ ಮಲರ್‌ಕೊಡಿ ಟೀಚರು ಮಾತ್ರ ಸುಮ್ನೆ ಒಂದು ದಪ್ಪ ಪುಸ್ತಕ ಕೈಗೆ ಕೊಟ್ರು. ಅದ್ರಲ್ಲಿ ಅರ್ಧ ಅರ್ಥ ಆಗ್ಲಿಲ್ಲ. ಉಳಿದರ್ಧದಲ್ಲೇ ವೇಲೆ ಶುರು ಮಾಡ್ದೆ."

ಅವರ ವೇಲೆ, ಅಂದರೆ ಕೆಲಸ, ಏನೆಂದು ನನಗೆ ತಿಳಿಯಲು ಎರಡು ಲೋಟ ಟೀ ಬೇಕಾಯಿತು. ಓದುಗರಿಗೆ ಅಷ್ಟು ಹೊತ್ತು ಹಿಡಿಯದ ಹಾಗೆ ಹೇಳುತ್ತೇನೆ. ಜೋಗಮ್ಮ ಕೆಲಸ ಮಾಡುವ ಈ ಪುಟ್ಟ ಸಂಸ್ಥೆ ಹಾಡಿಗಳ ಜನರ ಪಟ, ಹಾಡು, ಮಾತುಗಳನ್ನು ಒಂದು ವೆಬ್‌ಸೈಟಿನಲ್ಲಿ ಕೂಡಿಡುತ್ತಿದೆ. ಮೊದಲಿಗೆ ಇದು ಹಾಡಿಯವರಿಗಾಗಿಯೇ ಇರುವುದು. ಊಟಿಯ ಹಾಸ್ಟೆಲಿನಲ್ಲಿ ಓದುವ ಮಕ್ಕಳು ಅಲ್ಲಿನ ಕಂಪ್ಯೂಟರಿನಲ್ಲಿ ತಮ್ಮ ಅಜ್ಜಿಯ ಮುಖ ನೋಡುತ್ತಾರೆ, ಗೂಡಲೂರಿನ ಎಸ್ಟೇಟಿಗೆ ಹೋದವರು ತಮ್ಮ ಹಾಡಿಯ ಹಾಡು ಕೇಳುತ್ತಾರೆ. ಪಟಗಳು ಒಂದು ಪೆಟ್ಟಿಗೆಯಲ್ಲಿರುತ್ತವೆ. ಪುಟ ತೆರೆದಾಗ ಯಾವ ಪಟವನ್ನು ಎಲ್ಲಿಂದ ತರಬೇಕು ಎಂದು ಹೇಳುವುದಕ್ಕೆ ಪ್ರತಿ ಪಟಕ್ಕೂ ಒಂದು ವಿಳಾಸ ಬೇಕು. ಪುಟಗಳಿಗೆಲ್ಲ ಟೆಂಪ್ಲೇಟು ಎಂಬ ಅಚ್ಚು ಇರುತ್ತದೆ. ಆ ಅಚ್ಚಿನೊಳಗೆ ಜೋಗಮ್ಮ ಬರೆದ ಒಂದು ಸಾಲು ಪಟದ ನಂಬರು ಕೇಳಿಕೊಂಡು ವಿಳಾಸವನ್ನು ತಾನೇ ಕಟ್ಟಿಕೊಡುತ್ತದೆ. ನೋಡುವವರಿಗೆ ಪಟ ಕಾಣುತ್ತದೆ, ಸಾಲು ಕಾಣುವುದಿಲ್ಲ, ಅದನ್ನು ಬರೆದವರಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಹೀಗಿರಲಿಲ್ಲ. ವೆಬ್‌ಸೈಟು ಮಾಡಿಕೊಟ್ಟು ಹೋದವರು ಒಂದೊಂದು ಪಟದ ವಿಳಾಸವನ್ನೂ ಒಂದೊಂದು ಪುಟದಲ್ಲಿ ಕೈಯಲ್ಲೇ ಬರೆದಿಟ್ಟು ಹೋಗಿದ್ದರು. ಪಟಗಳಿಗೆ ಆಯಾ ಮನುಷ್ಯರ ಹೆಸರನ್ನೇ ಇಟ್ಟಿದ್ದರು. ಹೊರಗಿನವರಿಗೆ ಹೊಳೆಯದ ಸಂಗತಿಯೊಂದಿದೆ. ಈ ಹಾಡಿಗಳಲ್ಲಿ ಮೊಮ್ಮಕ್ಕಳಿಗೆ ಇಡುವುದು ಅಜ್ಜ ಅಜ್ಜಿಯರ ಹೆಸರು. ಒಂಬತ್ತು ಹಾಡಿಗಳಲ್ಲಿ ಹನ್ನೊಂದು ಮಂದಿ ಜೋಗಮ್ಮಂದಿರಿದ್ದಾರೆ, ಹದಿನಾಲ್ಕು ಮಂದಿ ಕಾಳಂದಿರಿದ್ದಾರೆ. ನಮ್ಮ ಜೋಗಮ್ಮನ ಅಜ್ಜಿಯ ಹೆಸರೂ ಜೋಗಮ್ಮನೇ.

ಅಜ್ಜಿ ಪಟ ತೆಗೆಸಿಕೊಳ್ಳಲು ಸುಲಭಕ್ಕೆ ಒಪ್ಪಿದವರಲ್ಲ. ಸಂಸ್ಥೆಯಲ್ಲಿ ಒಂದು ನೋಟುಪುಸ್ತಕವಿದೆ. ಪಟ ತೆಗೆಸಿಕೊಂಡವರೆಲ್ಲ ಅದರಲ್ಲಿ ಹೆಬ್ಬೆಟ್ಟು ಒತ್ತಿ ತಮ್ಮ ಮಾತು ಬರೆಸಿದ್ದಾರೆ. ಅಜ್ಜಿ ಬರೆಸಿದ್ದು ಇಷ್ಟು: "ನಮ್ಮ ಮಕ್ಕಳು ಮರಿ ನೋಡ್ಲಿ. ಯಾಪಾರದವ್ರ ಕೈಗೆ ಹೋಗ್ಬಾರ್ದು. ಮೊಮ್ಮಗಳು ಮಾತು ಕೊಟ್ಟವಳೆ." ಮಾತು ಕೊಟ್ಟ ಮೊಮ್ಮಗಳ ಸಹಿ ಕೆಳಗಿದೆ.

ಈ ವರ್ಷದ ಫೆಬ್ರವರಿಯಲ್ಲಿ ಆ ಮಾತು ಮುರಿದು ಬಿದ್ದಿತ್ತೆಂದು ಗೊತ್ತಾದದ್ದು ಒಂದು ತಪ್ಪಿನಿಂದ. ಸಂಸ್ಥೆಯ ಕಾರ್ಯದರ್ಶಿ ಹಾಲನ್ ಮೇಲಿನ ಹಟ್ಟಿಯ ಬಡಗ ಸಮುದಾಯದವರು, ನಿವೃತ್ತ ಮೇಷ್ಟ್ರು. ಕೆಲಸದವರೆಲ್ಲ ತಮ್ಮ ಪಟವನ್ನೂ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಅವರು ಹೇಳಿದರು. ಜೋಗಮ್ಮ ತಮ್ಮ ಪಟಕ್ಕೆ ತಮ್ಮ ಹೆಸರಿಟ್ಟು ಪೆಟ್ಟಿಗೆಗೆ ಹಾಕಿದರು. ಈ ಹೆಸರಿನದು ಆಗಲೇ ಒಂದಿದೆ, ಅದರ ಬದಲು ಇದನ್ನು ಇಡಲೇ ಎಂದು ಕಂಪ್ಯೂಟರು ಕೇಳಿತು. ಮೊದಲ ಸಲ ಹಾಕುವಾಗ ಲೈನು ಕಡಿದು ಅರ್ಧಕ್ಕೇ ನಿಂತಿತ್ತಲ್ಲ, ಅದೇ ಪಟ ಇರಬೇಕು ಅಂದುಕೊಂಡು ಹೂಂ ಅಂದರು. ಅಜ್ಜಿ ಹೋಗಿ ಆ ಜಾಗದಲ್ಲಿ ಮೊಮ್ಮಗಳು ಬಂದು ಕೂತಳು.

ಮೂರನೆಯ ದಿನ ಅಣ್ಣ ಮಣಿ ಆಫೀಸಿಗೆ ಬಂದ. ಮಣಿ ಆಗ ಮಸಿನಗುಡಿ ಕಡೆಯ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದ. ಬಂದವನೇ ಕೇಳಿದ್ದು, "ಏನೇ, ನಮ್ಮ ರೆಸಾರ್ಟಿನ ಕಂಪ್ಯೂಟರಲ್ಲಿ ನಿನ್ನ ಮೊಖ ಯಾಕದ?"

ಜೋಗಮ್ಮ ಹೋಗಿ ಕಣ್ಣಾರೆ ನೋಡಿದರು. ರೆಸಾರ್ಟಿನ ವೆಬ್‌ಸೈಟಿನ ಮೊದಲ ಪುಟ. 'ಕಾಡಿನ ಅಜ್ಜಿಯ ಕೈಯಡುಗೆ, ಬೆಂಕಿಯ ಸುತ್ತ ಆದಿವಾಸಿ ಕುಣಿತ' ಎಂಬರ್ಥದ ಇಂಗ್ಲಿಷ್ ಒಕ್ಕಣೆ. ಅದರ ಮೇಲೆ ನೀಲಿ ಚೂಡಿದಾರ, ಕೊರಳಲ್ಲಿ ಆಫೀಸಿನ ಗುರುತು ಚೀಟಿ, ಪಾಸ್‌ಪೋರ್ಟಿಗೆ ಕೂತವರಂತೆ ಬಿಗಿದ ಮುಖದ ಜೋಗಮ್ಮ. ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ. ಒಂದು ನಿಮಿಷದ ಮೇಲೆ ಸಿಟ್ಟು ಬಂತು.

"ಅವ್ರು ಅಜ್ಜಿ ಪಟ ಕದ್ದು ಇಟ್ಕಂಡೂ ಇರ್ಲಿಲ್ಲ ಅಕ್ಕ. ಅಷ್ಟು ಕಷ್ಟನೂ ಪಟ್ಟಿರ್ಲಿಲ್ಲ. ನಮ್ಮ ಪಟದ ವಿಳಾಸನೇ ಅವ್ರ ಪುಟದಲ್ಲಿ ಬರ್ಕಂಡಿದ್ರು. ಅವ್ರ ಪುಟ ಯಾರು ತೆರುದ್ರೂ ಪಟ ನಮ್ಮ ಪೆಟ್ಟಿಗೆಯಿಂದ ಹೋಗ್ತಿತ್ತು. ಅದಕ್ಕೇ ನಾನು ಪಟ ಬದಲಾಯಿಸ್ದಾಗ ಅಲ್ಲೂ ಬದಲಾಗೋಯ್ತು."

ಇನ್ನೊಂದು ಒಗಟೂ ಆವತ್ತೇ ಬಿಡಿಸಿಕೊಂಡಿತು. ಸಂಸ್ಥೆಯ ವೆಬ್‌ಸೈಟಿಗೆ ತಿಂಗಳಿಗೆ ಇಷ್ಟು ಸಲ ಪಟ ಕಳಿಸಬಹುದು ಎಂಬ ಮಿತಿಯಿದೆ. ಕೆಲವು ತಿಂಗಳಿಂದ ಅದು ಇಪ್ಪತ್ತನೇ ತಾರೀಖಿಗೇ ಮುಗಿದು, ಉಳಿದ ಹತ್ತು ದಿನ ಊಟಿಯ ಹಾಸ್ಟೆಲಿನ ಮಕ್ಕಳಿಗೆ ಏನೂ ಕಾಣುತ್ತಿರಲಿಲ್ಲ. ರೆಸಾರ್ಟಿನ ಗಿರಾಕಿಗಳು ಅಜ್ಜಿಯನ್ನು ನೋಡಿ ನೋಡಿ, ಸ್ವಂತ ಮೊಮ್ಮಕ್ಕಳ ಪಾಲಿಗೆ ಅಜ್ಜಿ ಇಲ್ಲವಾಗಿದ್ದರು.

ಅಜ್ಜಿಯ ಪಟ ಸಿ.ಡಿ.ಯಲ್ಲಿ ಭದ್ರವಾಗಿತ್ತು. ಅದನ್ನು ವಾಪಸ್ ಹಾಕುವುದು ಎರಡು ನಿಮಿಷದ ಕೆಲಸ. ಜೋಗಮ್ಮ ಹಾಕಲಿಲ್ಲ. ಹಾಕಿದರೆ ಮರುಕ್ಷಣವೇ ಅಜ್ಜಿ ರೆಸಾರ್ಟಿನ ಪುಟವೆಂಬ ಗೋಡೆಗೂ ಹೋಗಿ ನೇತಾಡುತ್ತಾರೆ. ಅಜ್ಜಿಯನ್ನು ಮನೆಗೆ ಕರೆದರೆ ಅಂಗಡಿಗೂ ಕಳಿಸಿದ ಹಾಗೆ. ಹಾಡಿಯಲ್ಲಿ ದಿನವೂ ಒಂದೇ ಒಲೆ ಮುಂದೆ ಕೂತು ಊಟ ಮಾಡುವ ಅಜ್ಜಿಗೆ ಮೇ ತಿಂಗಳವರೆಗೂ ಏನೂ ಹೇಳಲಿಲ್ಲ.

ಮೊದಲು ಸರಿಯಾದ ದಾರಿಯಲ್ಲೇ ಹೋದರು. ರೆಸಾರ್ಟಿನ ಮ್ಯಾನೇಜರ್ ಗೋಪಾಲನ್ ಅವರನ್ನು ಕಂಡು, ಆ ವಿಳಾಸ ತೆಗೆಯಿರಿ ಎಂದು ಕೇಳಿದರು. ಇಂಟರ್‌ನೆಟ್ಟಿನಲ್ಲಿ ಇರುವುದೆಲ್ಲ ಎಲ್ಲರದೂ, ನಿಮ್ಮ ಜನಕ್ಕೆ ಇದರಿಂದ ಒಳ್ಳೇ ಪ್ರಚಾರ ಎಂದರಂತೆ ಅವರು. ಹೊರಡುವಾಗ ಬಾಗಿಲ ತನಕ ಬಂದು, "ನಿಮ್ಮಣ್ಣ ನಮ್ಮಲ್ಲೇ ಅಲ್ಲವಾ ಇರೋದು" ಎಂದೂ ವಿಚಾರಿಸಿದರಂತೆ. ವಿಚಾರಣೆ ಯಾವ ಬಗೆಯದೆಂದು ಜೋಗಮ್ಮನಿಗೆ ತಿಳಿಯದೆ ಇರಲಿಲ್ಲ.

ಹಾಲನ್ ಮೇಷ್ಟ್ರು ಜಗಳ ಬೇಡವೆಂದರು. ಅವರೇ ನನ್ನ ಮುಂದೆ ಒಪ್ಪಿಕೊಳ್ಳುತ್ತಾರೆ, "ಪಟ ಒಂದನ್ನು ತೆಗೆದುಬಿಡಮ್ಮ, ಪ್ರಾಬ್ಲಂ ಮುಗೀತದೆ ಅಂತ ನಾನೇ ಹೇಳಿದೆ. ನನ್ನ ವಯಸ್ಸಿಗೆ ಅದು ಬುದ್ಧಿ ಅನ್ನಿಸಿತ್ತು." ಅದಕ್ಕೆ ಜೋಗಮ್ಮನ ಉತ್ತರ, "ನಾನು ಯಾಕ ತೆಗೀಬೇಕು ಸಾರ್? ನಮ್ಮ ಮನೇಲಿ ನಮ್ಮಜ್ಜಿ ಇರದು ತಪ್ಪಾ? ಕಿಟಕೀಲಿ ಇಣುಕೋನು ಅವ್ನು. ಎದ್ದು ಹೋಗ್ಬೇಕಾದವ್ರು ನಾವಾ?"

ಆಮೇಲೆ ಶುರುವಾಯಿತು ಬೆಳಗಿನ ಐದೂ ಮುಕ್ಕಾಲಿನ ಕೆಲಸ. ಏಳು ಟೆಂಪ್ಲೇಟು, ಮುನ್ನೂರಕ್ಕೂ ಮಿಕ್ಕಿದ ಪುಟ. ಕೈಯಲ್ಲಿ ಬರೆದ ಒಂದೊಂದು ವಿಳಾಸವನ್ನೂ ಹುಡುಕಿ, ಅಳಿಸಿ, ಅಲ್ಲಿ ಬರೀ ಒಂದು ನಂಬರು ಇಡುವುದು. ಪಟಗಳಿಗಿದ್ದ ಹೆಸರು ಹೋಗಿ ನಂಬರಾಯಿತು, ಹನ್ನೊಂದು ಜೋಗಮ್ಮಂದಿರಿಗೂ ಬೇರೆ ಬೇರೆ. ಹೆಸರು ಪಟದ ಕೆಳಗೆ ಓದಲಿಕ್ಕೆ ಇರುತ್ತದೆ, ವಿಳಾಸದಲ್ಲಿ ಇರುವುದಿಲ್ಲ. ನಂಬರು ಕೊಟ್ಟರೆ ವಿಳಾಸ ಕಟ್ಟುವ ಸಾಲು ಒಂದೇ ಕಡೆ, ಪೆಟ್ಟಿಗೆಯ ಹೆಸರೂ ಒಂದೇ ಕಡೆ. ಅಲ್ಲಿ ಬದಲಾಯಿಸಿದರೆ ಎಲ್ಲ ಕಡೆ ಬದಲು. ಮಲರ್‌ಕೊಡಿ ಟೀಚರು ಕೊಟ್ಟ ದಪ್ಪ ಪುಸ್ತಕದ ಅರ್ಥವಾಗದ ಅರ್ಧದಲ್ಲೇ ಇದೆಲ್ಲ ಇತ್ತಂತೆ. ಡಿಕ್ಷನರಿ ಇಟ್ಟುಕೊಂಡು ಓದಿದರು.

ಒಂದು ಬೆಳಿಗ್ಗೆ ಆ ಸಾಲಿನಲ್ಲಿ ಒಂದು ಓರೆಗೆರೆ ಬಿಟ್ಟುಹೋಗಿ ಒಂಬತ್ತು ಹಾಡಿಗಳ ಸಮಸ್ತರೂ ವೆಬ್‌ಸೈಟಿನಿಂದ ಮಾಯವಾದರು. ಊಟಿಯ ಹಾಸ್ಟೆಲಿನ ಹುಡುಗಿಯೊಬ್ಬಳು ಫೋನು ಮಾಡಿ, "ಅಕ್ಕಾ, ನಮ್ಮವ್ರೆಲ್ಲ ಎಲ್ಲೋದ್ರು" ಎಂದು ಕೇಳಿದಳು. "ಆವತ್ತು ಆ ಸಾಲನ್ನ ಒಂದೊಂದೇ ಅಕ್ಷರ ಬೆರಳಿಟ್ಟು ಓದ್ದೆ. ಪೊದೆ ಕಡಿವಾಗ ಹಾವು ಸಿಕ್ದಾಗ್ಲೂ ಅಷ್ಟು ಹೆದ್ರಿರ್ಲಿಲ್ಲ" ಎನ್ನುತ್ತಾರೆ ಜೋಗಮ್ಮ. ಗೆರೆ ಎಳೆದ ಮೇಲೆ ಎಲ್ಲರೂ ವಾಪಸಾದರು.

ಹತ್ತೊಂಬತ್ತು ಬೆಳಗುಗಳು ಹಿಡಿದವು, ಅದೂ ಕರೆಂಟು ಇದ್ದ ಬೆಳಗುಗಳು ಮಾತ್ರ. ಏಪ್ರಿಲ್ ಕೊನೆಗೆ ಅಜ್ಜಿ ಹೊಸ ವಿಳಾಸದಲ್ಲಿ ಬಂದು ಕೂತರು, ಹನ್ನೆರಡನೇ ನಂಬರಿನ ಪಟವಾಗಿ. ರೆಸಾರ್ಟಿನವರ ಬಳಿ ಇದ್ದದ್ದು ಹಳೆಯ ವಿಳಾಸ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಖಾಲಿ ಬಿಟ್ಟು ಸುಮ್ಮನಾಗುತ್ತಿದ್ದರು. ಜೋಗಮ್ಮ ಒಂದು ರಟ್ಟಿನ ಮೇಲೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ದಪ್ಪಕ್ಷರದಲ್ಲಿ ಬರೆದು, ಅದರ ಪಟ ತೆಗೆದು, ಹಳೆಯ ಹೆಸರಿನಲ್ಲೇ ಹಳೆಯ ಪೆಟ್ಟಿಗೆಗೆ ಹಾಕಿದರು. ರಟ್ಟಿನ ಮೇಲಿದ್ದದ್ದು ಇಷ್ಟು:

'ಈ ಅಜ್ಜಿಯನ್ನು ಕೇಳದೆ ಇಲ್ಲಿ ಕೂರಿಸಿದ್ದರು. ಅವರು ಮನೆಗೆ ಹೋಗಿದ್ದಾರೆ. ಇಂತಿ, ಮೊಮ್ಮಗಳು ಜೋಗಮ್ಮ.'

ಮೇ ತಿಂಗಳು. ಊಟಿಯಲ್ಲಿ ಸೀಸನ್. ಮಸಿನಗುಡಿಯ ರೆಸಾರ್ಟುಗಳಲ್ಲಿ ಕೋಣೆ ಸಿಗದ ಕಾಲ. ಹನ್ನೊಂದು ದಿನ ಆ ರಟ್ಟು ರೆಸಾರ್ಟಿನ ಮೊದಲ ಪುಟದಲ್ಲಿ, ಕೈಯಡುಗೆಯ ಒಕ್ಕಣೆಯ ಮೇಲೆ ರಾರಾಜಿಸಿತು. ಅವರ ಪೈಕಿ ಒಬ್ಬರೂ ತಮ್ಮದೇ ಪುಟ ತೆರೆದು ನೋಡಿರಲಿಲ್ಲ. ಹನ್ನೆರಡನೇ ದಿನ, ಬಂದಿಳಿದ ಅತಿಥಿಯೊಬ್ಬರು "ಅಜ್ಜಿ ಕ್ಷೇಮವಾಗಿ ಮನೆ ಸೇರಿದರಾ" ಎಂದು ಕೌಂಟರಿನಲ್ಲಿ ಕೇಳಿದಾಗಲೇ ಅವರಿಗೆ ಗೊತ್ತಾದದ್ದು. ಇದನ್ನು ಹೇಳುವಾಗ ಜೋಗಮ್ಮ ಮುಸಿಮುಸಿ ನಗುತ್ತಾರೆ. ನಾನು ಜೋರಾಗಿಯೇ ನಕ್ಕೆ.

ಆವತ್ತು ಮಧ್ಯಾಹ್ನ ಗೋಪಾಲನ್ ಅವರ ಜೀಪು ಆಫೀಸಿನ ಮುಂದೆ ನಿಂತಿತು. ನಮ್ಮ ವೆಬ್‌ಸೈಟು ಕೆಡಿಸಿದ್ದೀಯ, ಪೊಲೀಸಿಗೆ ಕೊಡುತ್ತೇನೆ ಎಂದು ಅವರು ಮೇಜು ಕುಟ್ಟಿದರು. ಜೋಗಮ್ಮ ಎದ್ದು ನಿಲ್ಲಲಿಲ್ಲ.

"ನಿಮ್ಮ ಪುಟಾನ ನಾನು ಮುಟ್ಟೇ ಇಲ್ಲ ಸಾರ್. ನಮ್ಮ ಗೋಡೆಗೆ ನಾನು ಒಂದು ಬೋರ್ಡು ಹಾಕಿವ್ನಿ. ನಮ್ಮ ಗೋಡೆ ನೋಡದ್ನ ನೀವು ಬುಡಿ, ಬೋರ್ಡು ಕಾಣಲ್ಲ."

ಗೋಪಾಲನ್ ಹಾಲನ್ ಮೇಷ್ಟ್ರ ಕಡೆ ತಿರುಗಿದರು. ಜಗಳ ಬೇಡವೆಂದಿದ್ದ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಆ ಹುಡುಗಿ ಹೇಳಿದ್ದೇ ಆಫೀಸಿನ ಮಾತು ಎಂದರು. ಆಮೇಲೆ ಬೀರುವಿನಿಂದ ಹೆಬ್ಬೆಟ್ಟಿನ ನೋಟುಪುಸ್ತಕ ತೆಗೆದು, ಅಜ್ಜಿ ಬರೆಸಿದ ಸಾಲನ್ನು ತಮಿಳಿನಲ್ಲಿ ಓದಿ ಹೇಳಿದರು. ಸಂಜೆಯೊಳಗೆ ರೆಸಾರ್ಟಿನ ಪುಟದಿಂದ ವಿಳಾಸ ಹೋಯಿತು. ಮರುದಿನ ಮಣಿಯ ಕೆಲಸವೂ ಹೋಯಿತು.

ಇದನ್ನು ಮುಚ್ಚಿಟ್ಟರೆ ಕತೆ ಚಂದವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಮಣಿ ಈಗ ಬೇರೊಬ್ಬರ ಜೀಪು ಓಡಿಸುತ್ತಿದ್ದಾನೆ. "ಎರಡು ತಿಂಗಳು ಮನೇಲಿ ಕೂತಿದ್ದೆ. ಇವಳ ಮೇಲೆ ಕೋಪ ಇತ್ತು, ಸುಳ್ಳು ಯಾಕ ಹೇಳ್ಲಿ. ಬಯ್ಯಣ ಅಂತ ಬಾಯಿ ತೆಗುದ್ರ ಅಲ್ಲೇ ಅಜ್ಜಿ ಕೂತಿರ್ತಿತ್ತು. ಬಯ್ಯಕ್ಕಾಗ್ಲಿಲ್ಲ" ಎನ್ನುತ್ತಾನೆ. ಜೋಗಮ್ಮ ಆ ಮಾತಿಗೆ ತಲೆ ತಗ್ಗಿಸುತ್ತಾರೆ. ಪಶ್ಚಾತ್ತಾಪವಿದೆಯೇ ಎಂದು ಕೇಳಿದೆ. "ಅಣ್ಣನ ವಿಷಯಕ್ಕೆ ಅದ. ಬೋರ್ಡಿನ ವಿಷಯಕ್ಕೆ ಇಲ್ಲ."

ಅಜ್ಜಿಗೆ ಎಲ್ಲ ಹೇಳಿದ್ದು ಗೋಪಾಲನ್ ಬಂದು ಹೋದ ಆ ಸಂಜೆಯೇ. ಅವರು ಕೇಳಿದ ಒಂದೇ ಪ್ರಶ್ನೆ, ಹೊಸ ವಿಳಾಸ ರೆಸಾರ್ಟಿನವರಿಗೆ ಮತ್ತೆ ಸಿಕ್ಕಿದರೆ ಏನು ಮಾಡುತ್ತೀ ಎಂದು. ನಿಜ, ಹೊಸ ವಿಳಾಸವೂ ಗುಟ್ಟಲ್ಲ, ಬೇಕೆಂದವರಿಗೆ ಕಾಣುತ್ತದೆ. ಮತ್ತೆ ಬದಲಾಯಿಸುತ್ತೇನೆ ಎಂದರು ಜೋಗಮ್ಮ. ಹಾಗಾದರೆ ಸಿಗುವ ತನಕ ಯಾಕೆ ಕಾಯುತ್ತೀ ಎಂದರು ಅಜ್ಜಿ. ಅಮಾವಾಸ್ಯೆಯ ಲೆಕ್ಕ ಬಂದದ್ದು ಹೀಗೆ. ತಿಂಗಳಿಗೊಂದು ಪದ ಬದಲಾಗುತ್ತದೆ, ಸಂಸ್ಥೆಯ ಪುಟಗಳಿಗೆ ಅದು ಗೊತ್ತೂ ಆಗುವುದಿಲ್ಲ. ಹಳೆಯ ವಿಳಾಸ ಬರೆದುಕೊಂಡವರ ಗೋಡೆ ಮಾತ್ರ ಬೆಳಗಾಗುವುದರೊಳಗೆ ಖಾಲಿ. ಈವರೆಗೆ ಇನ್ನೂ ಎರಡು ಗೋಡೆಗಳು ಹಾಗೆ ಖಾಲಿಯಾಗಿವೆ.

ಪಟವನ್ನೇ ಇಳಿಸಿಕೊಂಡು ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ? ನಾನು ಕೇಳಿಯೇ ಕೇಳಿದೆ. ಜೋಗಮ್ಮ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, "ಕದಿಯೋನ್ನ ಈ ಸಾಲು ತಡೆಯಲ್ಲ ಅಕ್ಕ. ಆದ್ರ ಆಗ ಅವ್ನು ಕದ್ದ ಅಂತ ಆಯ್ತದ. ಮೊದ್ಲು ಹೆಂಗಿತ್ತು? ದಿನಾ ನಾವೇ ಕೈಯಾರೆ ಬಡಿಸ್ದಂಗಿತ್ತು. ಅದು ನಿಂತದ."

ಎಂಟು ಗಂಟೆಗೆ ಕರೆಂಟು ಹೋಗುತ್ತದೆ. ಇಬ್ಬರೂ ಹಾಡಿಗೆ ನಡೆಯುತ್ತೇವೆ. ಅಮಾವಾಸ್ಯೆಯಾದ್ದರಿಂದ ಅಜ್ಜಿ ಮನೆಯ ಮುಂದೆ ಬಿಸಿಲಿಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾರೆ. ಇದಕ್ಕೂ ಮೊದಲು ಜೋಗಮ್ಮನಿಗೆ ಏನಾದರೂ ಆಸೆಯಿದೆಯೇ ಎಂದು ದಾರಿಯಲ್ಲಿ ಕೇಳಿದ್ದೆ. ಹೆಚ್ಚಿನದೇನಿಲ್ಲ. ಪ್ರತಿ ಹಾಡಿಯಲ್ಲೂ ಒಬ್ಬೊಬ್ಬ ಹೆಂಗಸು ಈ ಸಾಲು ಬರೆಯಲು ಕಲಿಯಬೇಕು, ತಮ್ಮ ಹಾಡಿಯ ಪದವನ್ನು ತಾವೇ ಬದಲಾಯಿಸಬೇಕು ಎಂದರು. ಇಬ್ಬರು ಆಗಲೇ ಬರುತ್ತಿದ್ದಾರಂತೆ.

ನನ್ನ ಚೀಲದಲ್ಲಿ ಕ್ಯಾಮೆರಾ ಇತ್ತು. ಪಟವಿಲ್ಲದೆ ಪತ್ರಿಕೆಯ ಈ ಪುಟಕ್ಕೆ ಲೇಖನ ಕಳಿಸಿದರೆ ಸಂಪಾದಕರು ಬಯ್ಯುತ್ತಾರೆ. ಒಂದು ಪಟ ತೆಗೆಯಲೇ ಎಂದು ಜೋಗಮ್ಮನನ್ನು ಕೇಳಿದೆ. "ನಂದು ಬುಡಿ. ಮೊದ್ಲು ಅಜ್ಜಿ ಕೇಳಿ" ಎಂದರು. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದೆ. ಇದು ಪೇಪರು, ಇಷ್ಟು ಜನ ಓದುತ್ತಾರೆ, ನಿಮ್ಮಿಬ್ಬರ ಪಟ ಬಂದರೆ ಚಂದ ಎಂದು ವಿವರಿಸಿದೆ. ಅವರು ಬೀಜ ಬಿಡಿಸುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡರು.

"ಪೇಪರು ಮಾರ್ತೀರಾ?"

ಮಾರುತ್ತೇವೆ ಎಂದೆ.

"ಕೇಳ್ದಲ್ಲ ಮಗ, ಅಷ್ಟು ಮಾಡ್ದೆ, ಸಂತೋಷ. ಬ್ಯಾಡ."

ಮತ್ತೆ ಬೀಜ ಬಿಡಿಸತೊಡಗಿದರು. ನಾನು ಕ್ಯಾಮೆರಾ ಚೀಲಕ್ಕೆ ಸೇರಿಸಿದೆ. ಮೊಮ್ಮಗಳೂ ತನ್ನ ಪಟ ಕೊಡಲಿಲ್ಲ. ಬಸ್ಸಿನವರೆಗೆ ಬಂದು ಬೀಳ್ಕೊಡುವಾಗ, ಸಂಪಾದಕರಿಗೆ ಏನು ಹೇಳಲಿ ಎಂದು ನಾನು ಗೊಣಗಿದ್ದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು.

"ಪಟ ಯಾಕಿಲ್ಲ ಅಂತ ಯಾರಾದ್ರೂ ಕೇಳುದ್ರ ಬರೀರಿ ಅಕ್ಕ. ಅಜ್ಜಿ ಮನೇಲವ್ರೆ ಅಂತ."